ಫೋನಿನಲ್ಲಿ ಸುಳ್ಳು ಸುದ್ದಿ ಬರುವ ದಾರಿ ಮುಚ್ಚುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

"ಯೂಟ್ಯೂಬ್ ಹಿಸ್ಟರಿ ಪೂರ್ತಿ ಡಿಲೀಟ್ ಮಾಡಿದ್ದೆ. ಎರಡು ದಿನ ತಣ್ಣಗಿತ್ತು, ಆಮೇಲೆ ಮತ್ತೆ ಅದೇ ವಿಡಿಯೋಗಳು ಶುರು." ಹಾಸನದ ಅಂಗಡಿಯವರು, ಮೂಡಿಗೆರೆಯ ಬೆಳೆಗಾರರು, ಕಡೂರಿನ ಮೇಷ್ಟ್ರು, ಎಲ್ಲರ ದೂರೂ ಇದೇ. ಇವರು ಯಾರೂ ದಡ್ಡರಲ್ಲ. ಮಾಡಿದ ಕೆಲಸವೂ ಸರಿಯಾಗೇ ಇರುತ್ತದೆ. ತಪ್ಪಿರುವುದು ಕ್ರಮ.

ಹೆಚ್ಚಿನವರು ಕೊನೆಯಿಂದ ಶುರು ಮಾಡುತ್ತಾರೆ. ವಾಟ್ಸಾಪ್‌ಗೆ ಬಂದ ಒಂದೊಂದು ಫಾರ್ವರ್ಡ್ ನಿಜವೋ ಸುಳ್ಳೋ ಎಂದು ಹುಡುಕುತ್ತಾ ಕೂರುತ್ತಾರೆ, ಫೀಡನ್ನು, ಅಂದರೆ ಆಪ್ ತಾನೇ ಆರಿಸಿ ತೋರಿಸುವ ವಿಡಿಯೋ, ಸುದ್ದಿಗಳ ಸಾಲನ್ನು, ಹಾಗೇ ಬಿಟ್ಟಿರುತ್ತಾರೆ. ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ. ಅದಕ್ಕೇ ಇಲ್ಲಿ ಮೊದಲು ಫೀಡ್, ಆಮೇಲೆ ಆಪ್‌ಗಳ ಅನುಮತಿ, ಆಮೇಲೆ ವಾಟ್ಸಾಪ್, ಅದಾದ ಮೇಲೆ ಸುದ್ದಿಯ ಪರೀಕ್ಷೆ. ಈ ಸಾಲನ್ನು ಹಿಂದುಮುಂದು ಮಾಡಬೇಡಿ.

## ಮೊದಲು ಇಷ್ಟು ಗೊತ್ತಿರಲಿ

ಫೀಡ್ ನಿಮ್ಮನ್ನು ಅಳೆಯುತ್ತದೆ. ಯಾವ ವಿಡಿಯೋ ಮುಂದೆ ಎಷ್ಟು ಹೊತ್ತು ನಿಂತಿರಿ, ಎಲ್ಲಿ ಹಿಂದಕ್ಕೆ ಎಳೆದು ಮತ್ತೆ ನೋಡಿದಿರಿ, ಯಾರಿಗೆ ಕಳಿಸಿದಿರಿ ಎಂಬ ಲೆಕ್ಕವೆಲ್ಲ ಅಲ್ಲಿರುತ್ತದೆ. ಯೂಟ್ಯೂಬ್ 2012ರಲ್ಲೇ ಕ್ಲಿಕ್‌ಗಿಂತ ನೋಡಿದ ಸಮಯಕ್ಕೆ ಜಾಸ್ತಿ ಬೆಲೆ ಕೊಡಲು ಶುರು ಮಾಡಿತು. ಫೇಸ್‌ಬುಕ್ 2017ರಲ್ಲಿ ಇಮೋಜಿ ಪ್ರತಿಕ್ರಿಯೆಗಳಿಗೆ ಒಂದು ಲೈಕ್‌ನ 5 ಪಟ್ಟು ತೂಕ ಕೊಟ್ಟಿತು. ಅದರಲ್ಲಿ ಸಿಟ್ಟಿನ ಮುಖವೂ ಇತ್ತು. ಸಿಟ್ಟಿನ ತೂಕವನ್ನು ಸೊನ್ನೆಗೆ ಇಳಿಸಲು 2020ರವರೆಗೆ ಕಾಯಬೇಕಾಯಿತು.

ಇದರಿಂದ ಒಂದು ಮಾತು ನೆನಪಿಟ್ಟುಕೊಳ್ಳಿ. ಸುಳ್ಳು ವಿಡಿಯೋ ಕೆಳಗೆ "ಇದೆಲ್ಲಾ ಬೊಗಳೆ" ಎಂದು ಬೈದು ಕಾಮೆಂಟ್ ಹಾಕಿದರೂ ಯಂತ್ರದ ಲೆಕ್ಕದಲ್ಲಿ ನೀವು ಆಸಕ್ತಿ ತೋರಿಸಿದಂತೆಯೇ. ಬೈದವರಿಗೂ ಮರುದಿನ ಅಂಥದ್ದೇ ಇನ್ನೊಂದು ಬರುತ್ತದೆ.

"ಫೋನ್ ನಮ್ಮ ಮಾತು ಕದ್ದು ಕೇಳಿಸಿಕೊಳ್ಳುತ್ತೆ, ಅಲ್ವಾ?" ಎಂದು ಸುಮಾರು ಜನ ಕೇಳುತ್ತಾರೆ. ಅದರ ಅಗತ್ಯವೇ ಬೀಳುವುದಿಲ್ಲ. ನೀವಿರುವ ಜಾಗ, ಮನೆಯ ವೈಫೈಯಲ್ಲಿ ಮಗ ಹುಡುಕಿದ ವಿಷಯ, ಓಡಾಡಿದ ವೆಬ್‌ಸೈಟ್‌ಗಳು, ನಿಮ್ಮಂತೆಯೇ ನೋಡುವ ಬೇರೆಯವರು ಆಮೇಲೆ ಏನು ನೋಡಿದರು ಎಂಬ ಮಾಹಿತಿ, ಇಷ್ಟು ಸಾಕು. ಮೈಕ್ ಆಫ್ ಮಾಡಿ ನೆಮ್ಮದಿಯಾಗಿ ಕೂತವರು ಉಳಿದದ್ದನ್ನೆಲ್ಲ ತೆರೆದೇ ಇಟ್ಟಿರುತ್ತಾರೆ.

## ಬೇಕಾಗುವುದು ಏನೇನು

ಬಿಡುವಿನ ಒಂದು ಗಂಟೆ, ಗೂಗಲ್ ಮತ್ತು ಫೇಸ್‌ಬುಕ್ ಪಾಸ್‌ವರ್ಡ್, ಒಂದು ಹಾಳೆ, ಒಂದು ಪೆನ್ನು. ಪಾಸ್‌ವರ್ಡ್ ಮೊದಲೇ ಹುಡುಕಿಟ್ಟುಕೊಳ್ಳಿ. ಅರ್ಧ ಕೆಲಸ ನಿಲ್ಲುವುದೇ ಅಲ್ಲಿ. ಸೆಟ್ಟಿಂಗ್ಸ್ ಒಳಗಿನ ಹೆಸರುಗಳು ಫೋನಿನಿಂದ ಫೋನಿಗೆ ಸ್ವಲ್ಪ ಬದಲಾಗುತ್ತವೆ. ಸಿಗದಿದ್ದರೆ ಸೆಟ್ಟಿಂಗ್ಸ್ ಮೇಲಿರುವ ಹುಡುಕುವ ಜಾಗದಲ್ಲಿ ಆ ಹೆಸರನ್ನೇ ಟೈಪ್ ಮಾಡಿ.

## ಹಂತ 1: ಅಳಿಸುವ ಮುಂಚೆ ನೋಡಿ, ಬರೆದುಕೊಳ್ಳಿ

ನೇರ ಡಿಲೀಟ್‌ಗೆ ಹೋಗಬೇಡಿ. ಮೊದಲು ಯೂಟ್ಯೂಬ್ ಹಿಸ್ಟರಿ ತೆರೆದು ಹದಿನೈದು ದಿನದ್ದನ್ನು ಕೆಳಗೆ ಎಳೆಯುತ್ತಾ ನೋಡಿ. ನಿಮಗೆ ಭಯ ಅಥವಾ ಸಿಟ್ಟು ತರಿಸಿದ ಚಾನೆಲ್‌ಗಳ ಹೆಸರನ್ನು ಹಾಳೆಯಲ್ಲಿ ಬರೆಯಿರಿ. ಅದೇ ಪಟ್ಟಿ 4ನೇ ಹಂತದಲ್ಲಿ ಬೇಕು. ಅಳಿಸಿದ ಮೇಲೆ ಆ ಹೆಸರುಗಳು ಸಿಗುವುದಿಲ್ಲ.

ಆಮೇಲೆ ಗೂಗಲ್ ಖಾತೆಯಲ್ಲಿ 'ಮೈ ಆಡ್ ಸೆಂಟರ್' ತೆರೆಯಿರಿ. ನಿಮ್ಮ ವಯಸ್ಸು, ಮದುವೆ, ಮನೆ, ಆಸಕ್ತಿಗಳ ಬಗ್ಗೆ ಗೂಗಲ್ ಏನೇನು ಊಹಿಸಿದೆ ಎಂದು ಅಲ್ಲಿ ಕಾಣುತ್ತದೆ. ಕೆಲವು ಊಹೆ ನಗು ಬರಿಸುತ್ತವೆ, ಕೆಲವು ಬೆಚ್ಚಿಬೀಳಿಸುತ್ತವೆ. ಈ ಪುಟವನ್ನು ಮನೆಯವರಿಗೆ ತೋರಿಸಿ. ಎಷ್ಟು ಉಪದೇಶ ಮಾಡಿದರೂ ಆಗದ ಕೆಲಸ ಇದರಿಂದ ಆಗುತ್ತದೆ.

## ಹಂತ 2: ನಿಲ್ಲಿಸಿ, ಆಮೇಲೆ ಅಳಿಸಿ

ಗೂಗಲ್ ಖಾತೆಯ 'ಡೇಟಾ ಅಂಡ್ ಪ್ರೈವಸಿ' ಒಳಗೆ 'ಯೂಟ್ಯೂಬ್ ಹಿಸ್ಟರಿ' ಇದೆ. ಮೊದಲು ಅದನ್ನು ಟರ್ನ್ ಆಫ್ ಮಾಡಿ, ಆಮೇಲೆ ಹಳೆಯದನ್ನು ಅಳಿಸಿ. 'ವೆಬ್ ಅಂಡ್ ಆಪ್ ಆಕ್ಟಿವಿಟಿ'ಗೂ ಹೀಗೇ ಮಾಡಿ. ಬರೀ ಅಳಿಸಿದರೆ ಮುಂದಿನ ನಿಮಿಷದಿಂದಲೇ ಹೊಸ ಲೆಕ್ಕ ಶುರುವಾಗುತ್ತದೆ.

ಹಿಸ್ಟರಿ ಆಫ್ ಮಾಡಿದರೆ ಯೂಟ್ಯೂಬ್ ಮುಖಪುಟ ಖಾಲಿ ಕಾಣಬಹುದು. 2023ರಿಂದ ಯೂಟ್ಯೂಬ್ ಇದನ್ನು ಬೇಕೆಂದೇ ಹಾಗೆ ಮಾಡಿದೆ. ಆಪ್ ಕೆಟ್ಟಿತು ಅಂದುಕೊಂಡು ಗಾಬರಿಯಿಂದ ಮತ್ತೆ ಆನ್ ಮಾಡುವವರು ಇಲ್ಲೇ ಸೋಲುತ್ತಾರೆ. ಖಾಲಿ ಬಂದರೆ ಕೆಲಸ ಸರಿಯಾಗಿದೆ ಎಂದರ್ಥ.

ಫೇಸ್‌ಬುಕ್‌ನಲ್ಲಿ 'ಅಕೌಂಟ್ಸ್ ಸೆಂಟರ್' ಒಳಗೆ ಹೋಗಿ 'ಯುವರ್ ಆಕ್ಟಿವಿಟಿ ಆಫ್ ಮೆಟಾ ಟೆಕ್ನಾಲಜೀಸ್' ಹುಡುಕಿ. ಫೇಸ್‌ಬುಕ್ ಬಿಟ್ಟು ಬೇರೆ ಆಪ್, ಬೇರೆ ವೆಬ್‌ಸೈಟ್‌ಗಳಲ್ಲಿ ನೀವು ಮಾಡಿದ್ದೂ ಅಲ್ಲಿರುತ್ತದೆ. ಹಳೆಯದನ್ನು ಕ್ಲಿಯರ್ ಮಾಡಿ, ಮುಂದಿನದನ್ನು ಡಿಸ್‌ಕನೆಕ್ಟ್ ಮಾಡಿ. ಇನ್‌ಸ್ಟಾಗ್ರಾಂ ಇದ್ದರೆ 'ಕಂಟೆಂಟ್ ಪ್ರಿಫರೆನ್ಸಸ್' ಒಳಗೆ ಸಜೆಶನ್‌ಗಳನ್ನು ರೀಸೆಟ್ ಮಾಡುವ ಆಯ್ಕೆ ಇದೆ.

ಇಷ್ಟಾದರೂ ಹಳೆಯ ವಿಡಿಯೋ ಮರಳಿ ಬರುತ್ತಿದ್ದರೆ ಈ ನಾಲ್ಕು ಜಾಗ ನೋಡಿ:

- ಲೈಕ್ ಮಾಡಿದ ವಿಡಿಯೋಗಳು ಮತ್ತು ಸಬ್‌ಸ್ಕ್ರೈಬ್ ಮಾಡಿದ ಚಾನೆಲ್‌ಗಳು. ಹಿಸ್ಟರಿ ಅಳಿಸಿದರೂ ಇವು ಉಳಿದಿರುತ್ತವೆ.
- ಮನೆಯ ಟಿವಿ. ಅದರಲ್ಲೂ ನಿಮ್ಮದೇ ಖಾತೆ ಲಾಗಿನ್ ಆಗಿದ್ದರೆ, ಮನೆಯವರೆಲ್ಲ ನೋಡಿದ್ದು ನಿಮ್ಮ ಹೆಸರಿಗೆ ಬೀಳುತ್ತದೆ.
- ಫೋನಿನಲ್ಲಿರುವ ಎರಡನೇ ಜಿಮೇಲ್. ಅಂಗಡಿಯವರು ಫೋನ್ ಕೊಡುವಾಗ ಮಾಡಿಕೊಟ್ಟಿದ್ದು, ನಿಮಗೆ ನೆನಪೇ ಇಲ್ಲದ್ದು.
- ಆಟೋಪ್ಲೇ. ನೀವು ನಿದ್ದೆ ಹೋದ ಮೇಲೂ ಒಂದರ ಹಿಂದೆ ಒಂದು ಓಡುತ್ತಿರುತ್ತದೆ. ಇದನ್ನು ಇವತ್ತೇ ಆಫ್ ಮಾಡಿ.

## ಹಂತ 3: ಆಪ್‌ಗಳ ಅನುಮತಿ ಕಿತ್ತುಕೊಳ್ಳಿ

ಆಂಡ್ರಾಯ್ಡ್‌ನಲ್ಲಿ 'ಪರ್ಮಿಷನ್ ಮ್ಯಾನೇಜರ್' ತೆರೆದು ಲೊಕೇಶನ್, ಕಾಂಟ್ಯಾಕ್ಟ್ಸ್, ಮೈಕ್ ಮೂರನ್ನೂ ಒಂದೊಂದಾಗಿ ನೋಡಿ. ಮ್ಯಾಪ್‌ಗೆ ಲೊಕೇಶನ್ ಬೇಕು, ಸರಿ. ಟಾರ್ಚ್ ಆಪ್‌ಗೆ ನಿಮ್ಮ ನೆಂಟರ ನಂಬರ್ ಯಾಕೆ? ಕಾಫಿ ರೇಟು ತೋರಿಸುವ ಆಪ್‌ಗೆ ಮೈಕ್ ಯಾಕೆ? ಅನುಮಾನ ಬಂದರೆ 'ಡೋಂಟ್ ಅಲೋ' ಒತ್ತಿ. ಆಪ್‌ಗೆ ನಿಜಕ್ಕೂ ಬೇಕಿದ್ದರೆ ಅದೇ ಮತ್ತೆ ಕೇಳುತ್ತದೆ.

ಅದಾದ ಮೇಲೆ ಪ್ರೈವಸಿ ಅಥವಾ ಗೂಗಲ್ ಸೆಟ್ಟಿಂಗ್ಸ್‌ನ 'ಆಡ್ಸ್' ಒಳಗೆ ಹೋಗಿ 'ಡಿಲೀಟ್ ಅಡ್ವರ್ಟೈಸಿಂಗ್ ಐಡಿ' ಒತ್ತಿ. ಬೇರೆ ಬೇರೆ ಆಪ್‌ಗಳಲ್ಲಿ ಓಡಾಡಿದ್ದು ಒಬ್ಬರೇ ಎಂದು ಜಾಹೀರಾತು ಕಂಪನಿಗಳು ಗುರುತು ಹಿಡಿಯುವುದು ಈ ನಂಬರಿನಿಂದ. ಐಫೋನ್‌ನಲ್ಲಾದರೆ 'ಟ್ರ್ಯಾಕಿಂಗ್' ಒಳಗಿನ 'ಅಲೋ ಆಪ್ಸ್ ಟು ರಿಕ್ವೆಸ್ಟ್ ಟು ಟ್ರ್ಯಾಕ್' ಆಫ್ ಮಾಡಿದರೆ ಸಾಕು.

ಎಲ್ಲರೂ ಮರೆಯುವುದು ಕ್ರೋಮ್ ನೋಟಿಫಿಕೇಶನ್. ಯಾವುದೋ ಸೈಟ್ "ನೀವು ರೋಬೋ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಅಂದಿರುತ್ತದೆ, ಒತ್ತಿರುತ್ತೀರಿ. ಅವತ್ತಿನಿಂದ ಬೆಳಿಗ್ಗೆ ಎದ್ದರೆ "ಶಾಕಿಂಗ್ ನ್ಯೂಸ್" ಸಾಲುಗಟ್ಟಿರುತ್ತದೆ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ 'ನೋಟಿಫಿಕೇಶನ್ಸ್' ತೆರೆದು ಗುರುತು ಸಿಗದ ಸೈಟ್‌ಗಳನ್ನೆಲ್ಲ ಬ್ಲಾಕ್ ಮಾಡಿ. ವಯಸ್ಸಾದವರ ಫೋನಿನಲ್ಲಿ ಅರ್ಧ ಕಿರಿಕಿರಿ ಇಲ್ಲೇ ಮುಗಿಯುತ್ತದೆ.

## ಹಂತ 4: ಖಾಲಿ ಫೀಡನ್ನು ನೀವೇ ತುಂಬಿ

ಖಾಲಿ ಬಿಟ್ಟರೆ ಯಾರೋ ತುಂಬುತ್ತಾರೆ. 1ನೇ ಹಂತದ ಪಟ್ಟಿ ತೆಗೆಯಿರಿ. ಆ ಚಾನೆಲ್‌ಗಳಲ್ಲಿ ಯಾವುದಾದರೂ ಕಣ್ಣಿಗೆ ಬಿದ್ದರೆ ವಿಡಿಯೋ ತೆರೆಯದೆ, ಪಕ್ಕದ ಮೂರು ಚುಕ್ಕಿ ಮುಟ್ಟಿ 'ಡೋಂಟ್ ರೆಕಮೆಂಡ್ ಚಾನೆಲ್' ಒತ್ತಿ. 'ನಾಟ್ ಇಂಟರೆಸ್ಟೆಡ್' ಒತ್ತಿ ಸುಮ್ನೆ ಬಿಟ್ಟರೆ ಲಾಭ ಕಡಿಮೆ. ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾ ಸಂಸ್ಥೆ 2022ರಲ್ಲಿ ನಡೆಸಿದ ಅಧ್ಯಯನದಲ್ಲಿ ಬೇಡದ ಶಿಫಾರಸುಗಳನ್ನು 'ಡೋಂಟ್ ರೆಕಮೆಂಡ್ ಚಾನೆಲ್' ಸುಮಾರು ಶೇ. 43ರಷ್ಟು ತಡೆದಿತ್ತು, 'ನಾಟ್ ಇಂಟರೆಸ್ಟೆಡ್' ಬರೀ ಶೇ. 11ರಷ್ಟು. ಎರಡೂ ಪೂರ್ತಿ ತಡೆಯಲಿಲ್ಲ ಎನ್ನುವುದನ್ನೂ ಗಮನಿಸಿ.

ಈಗ ನಿಮಗೆ ನಿಜಕ್ಕೂ ಬೇಕಾದ್ದನ್ನು ಹೆಸರು ಟೈಪ್ ಮಾಡಿ ಹುಡುಕಿ, ಸಬ್‌ಸ್ಕ್ರೈಬ್ ಆಗಿ. ಮುಂದೆ ಯೂಟ್ಯೂಬ್ ತೆರೆದಾಗ ಮುಖಪುಟಕ್ಕೆ ಹೋಗದೆ 'ಸಬ್‌ಸ್ಕ್ರಿಪ್ಷನ್ಸ್' ಒತ್ತುವ ಅಭ್ಯಾಸ ಮಾಡಿ. ನನ್ನ ಸಲಹೆ ಕೇಳಿದರೆ ಹಿಸ್ಟರಿ ಆಫ್ ಆಗಿಯೇ ಇರಲಿ. ಶಿಫಾರಸು ಬೇಕೇ ಬೇಕು ಎನ್ನುವವರು ಆನ್ ಮಾಡಿ, ಆಟೋ ಡಿಲೀಟ್ 3 ತಿಂಗಳಿಗೆ ಇಡಿ.

ಬೆಳೆಗಾರರಿಗೆ ಒಂದು ಮಾತು. ಕಾಫಿ ಗಿಡದ ಕಾಂಡಕೊರಕ ಹುಳಕ್ಕೆ ಔಷಧಿ ಹುಡುಕಿದರೆ "ಒಂದೇ ವಾರದಲ್ಲಿ ಮಾಯ" ಎನ್ನುವ ಪುಡಿ, ದ್ರಾವಣಗಳ ಜಾಹೀರಾತು ಬೆನ್ನು ಹತ್ತಬಹುದು. ಜಾಹೀರಾತು ಮತ್ತೆ ಮತ್ತೆ ಬಂತೆಂದರೆ ಔಷಧಿ ಒಳ್ಳೆಯದು ಎಂದಲ್ಲ, ನೀವು ಒಮ್ಮೆ ಹುಡುಕಿದ್ದು ಅದಕ್ಕೆ ಗೊತ್ತಾಗಿದೆ ಅಷ್ಟೇ. ಬಾಳೆಹೊನ್ನೂರಿನಲ್ಲಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಇದೆ. ಕೇಳುವುದಾದರೆ ಅಲ್ಲಿ ಕೇಳಿ. ರೇಟಿನ ವಿಡಿಯೋಗೂ ಹೀಗೇ. "ಕಾಫಿ ಬೆಲೆ ಪಾತಾಳಕ್ಕೆ" ಎಂದು ಕೆಂಪಕ್ಷರದಲ್ಲಿ ಕಂಡರೆ ಮೂರು ಪ್ರಶ್ನೆ ಹಾಕಿ: ಯಾವ ದಿನದ್ದು, ಅರೇಬಿಕಾನೋ ರೋಬಸ್ಟಾನೋ, ಪಾರ್ಚ್‌ಮೆಂಟೋ ಚೆರಿಯೋ? ಮೂರಕ್ಕೂ ಉತ್ತರವಿಲ್ಲದ ವಿಡಿಯೋ ನಂಬಿ 50 ಕೆಜಿ ಚೀಲ ಒಂದನ್ನೂ ಮಾರಬೇಡಿ.

## ಹಂತ 5: ವಾಟ್ಸಾಪ್‌ನ ಬಾಗಿಲು

ವಾಟ್ಸಾಪ್ ಚಾಟ್‌ನಲ್ಲಿ ಶಿಫಾರಸು ಮಾಡುವ ಯಂತ್ರ ಇಲ್ಲ. ಅಲ್ಲಿ ಆ ಕೆಲಸ ಮಾಡುವವರು ನಾವೇ. ಟ್ವಿಟರ್‌ನ 2006ರಿಂದ 2017ರವರೆಗಿನ ಸುದ್ದಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ ಶೇ. 70ರಷ್ಟು ಜಾಸ್ತಿ. ಅದಕ್ಕೆ ಮುಖ್ಯ ಕಾರಣ ತಾವಾಗಿಯೇ ಸಂದೇಶ ಹಾಕುವ ಯಂತ್ರ ಖಾತೆಗಳಾದ ಬಾಟ್‌ಗಳಲ್ಲ, ಮನುಷ್ಯರು. ಹಂಚಿದ್ದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಮ್ಮ ರಾಜ್ಯವೂ ನೋಡಿದೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ನಂಬಿದ ಗುಂಪು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು.

ಸೆಟ್ಟಿಂಗ್ಸ್‌ನಲ್ಲಿ ಮೂರು ಕೆಲಸ ಮಾಡಿ. ಪ್ರೈವಸಿಯ 'ಗ್ರೂಪ್ಸ್' ಒಳಗೆ 'ಮೈ ಕಾಂಟ್ಯಾಕ್ಟ್ಸ್' ಆರಿಸಿ, ಗುರುತಿಲ್ಲದವರು ನಿಮ್ಮನ್ನು ಗ್ರೂಪಿಗೆ ಸೇರಿಸಲಾಗದು. 'ಸ್ಟೋರೇಜ್ ಅಂಡ್ ಡೇಟಾ'ದಲ್ಲಿ ಫೋಟೋ, ವಿಡಿಯೋ ತಾನೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಗದ್ದಲದ ಗ್ರೂಪುಗಳನ್ನು ಆರ್ಕೈವ್ ಮಾಡಿ. ಹೊರಗೆ ಬಂದರೆ "ಯಾಕೆ ಬಿಟ್ರಿ?" ಎಂದು ಮದುವೆ ಮನೆಯಲ್ಲಿ ಕೇಳುತ್ತಾರೆ. ಆರ್ಕೈವ್ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ.

ಜೋಡಿ ಬಾಣದ ಗುರುತು, 'ಫಾರ್ವರ್ಡೆಡ್ ಮೆನಿ ಟೈಮ್ಸ್' ಎಂಬ ಬರಹ ಕಂಡರೆ ಅದು ಕೈಯಿಂದ ಕೈಗೆ ದಾಟಿ ಬಂದದ್ದು. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸುವ ಮಿತಿ 2020ರಿಂದ ಇದೆ. ಈ ಮಿತಿ ತಪ್ಪಿಸಲೆಂದೇ ಕೆಲವರು ಕಾಪಿ ಮಾಡಿ ಹೊಸದಾಗಿ ಹಾಕುತ್ತಾರೆ. ಬಾಣವಿಲ್ಲದಿದ್ದ ಮಾತ್ರಕ್ಕೆ ಅದು ಅವರದೇ ಬರಹ ಎಂದುಕೊಳ್ಳಬೇಡಿ.

## ಹಂತ 6: ಬಂದ ಸುದ್ದಿಯನ್ನು ಪರೀಕ್ಷಿಸುವ ಕ್ರಮ

ಇಲ್ಲೂ ಕ್ರಮ ಮುಖ್ಯ. ದಿನಾಂಕ ಮೊದಲು, ಜಾಗ ಆಮೇಲೆ, ಮೂಲ ಅದಾದ ಮೇಲೆ, ಕೊನೆಗೆ ಲೆಕ್ಕ.

ದಿನಾಂಕ. ಮಳೆಗಾಲದಲ್ಲಿ "ನಾಳೆ ಶಾಲೆಗೆ ರಜೆ, ಡಿಸಿ ಆದೇಶ" ಎಂಬ ಚಿತ್ರಗಳು ಹರಿದಾಡುತ್ತವೆ. ಹಳೆಯ ಆದೇಶದ ದಿನಾಂಕ ಮಾತ್ರ ತಿದ್ದಿದ್ದರೆ ಕಂಡುಹಿಡಿಯುವ ಸುಲಭ ದಾರಿ ಇದೆ: ದಿನಾಂಕಕ್ಕೂ ವಾರಕ್ಕೂ ತಾಳೆ ಆಗುತ್ತದಾ ಎಂದು ಕ್ಯಾಲೆಂಡರ್ ನೋಡಿ. ತಿದ್ದಿದವರು ವಾರ ಬದಲಿಸಲು ಮರೆಯುತ್ತಾರೆ. ದಿನಾಂಕದ ಅಂಕಿಗಳ ಅಕ್ಷರ ಉಳಿದ ಸಾಲಿಗಿಂತ ದಪ್ಪ ಅಥವಾ ಮಸುಕಾಗಿದ್ದರೂ ಅನುಮಾನಪಡಿ. ಆಮೇಲೆ ಜಿಲ್ಲಾಡಳಿತದ ಅಧಿಕೃತ ಪುಟ, ಇಲ್ಲವೇ ಶಾಲೆಯ ಮೇಷ್ಟ್ರಿಗೆ ಒಂದು ಫೋನ್.

ಜಾಗ. "ಸಕಲೇಶಪುರದಲ್ಲಿ ಆನೆ ದಾಳಿ, ಈಗಷ್ಟೇ" ಎಂಬ ವಿಡಿಯೋ ಬಂತು ಅನ್ನಿ. ಆನೆ ನೋಡಬೇಡಿ, ಸುತ್ತ ನೋಡಿ. ಗಾಡಿಯ ನಂಬರ್ ಪ್ಲೇಟ್ ಕೆಎ 46 ಇದ್ದರೆ ಸಕಲೇಶಪುರ, 13 ಹಾಸನ, 18 ಚಿಕ್ಕಮಗಳೂರು, 66 ತರೀಕೆರೆ. ಕೆಎಲ್ ಅಂತಿದ್ದರೆ ಗಾಡಿ ಕೇರಳದ್ದು. ಒಂದು ಪ್ಲೇಟ್ ಮಾತ್ರ ನೋಡಿ ತೀರ್ಮಾನಿಸಬೇಡಿ, ಘಾಟಿ ರಸ್ತೆಯಲ್ಲಿ ಎಲ್ಲ ಕಡೆಯ ಗಾಡಿಗಳೂ ಇರುತ್ತವೆ. ಅಂಗಡಿ ಬೋರ್ಡಿನ ಲಿಪಿ, ಬಸ್ಸಿನ ಬಣ್ಣ, ಹಿಂದೆ ಕೇಳುವ ಮಾತು ಎಲ್ಲ ಸೇರಿಸಿ ನೋಡಿ. ಬೋರ್ಡಿನ ಕನ್ನಡ ಓದಲು ಹೋದರೆ ಒತ್ತಕ್ಷರ ಸೊಟ್ಟಗಿದೆಯಾ, ಅರ್ಥವೇ ಇಲ್ಲವಾ? ಎಐ ಮಾಡಿದ ವಿಡಿಯೋ ಎಷ್ಟೋ ಸಲ ಸಿಕ್ಕಿಬೀಳುವುದು ಅಲ್ಲೇ. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹಾಕಿ. ಮೊದಲು ಬಂದ ಫಲಿತಾಂಶಕ್ಕೇ ನಿಲ್ಲಬೇಡಿ, ಅತಿ ಹಳೆಯದು ಯಾವುದೆಂದು ಹುಡುಕಿ.

ಹಾಗಂತ ಪರೀಕ್ಷೆ ಮುಗಿಯುವ ತನಕ ಆನೆ ಇಲ್ಲವೇ ಇಲ್ಲ ಎಂದು ತೋಟಕ್ಕೆ ಇಳಿಯಬೇಡಿ. ಜೀವದ ವಿಷಯದಲ್ಲಿ ಮೊದಲು ಎಚ್ಚರಿಕೆ, ಆಮೇಲೆ ಪರೀಕ್ಷೆ. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಕೇಳಿ.

ಮೂಲ. "ಗೊರೂರು ಡ್ಯಾಂಗೆ ಅಪಾಯ" ಎಂಬ ಮಾತಿಗೆ ಮೂಲ ಯಾರು? ಅಲ್ಲಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ಮಳೆಗಾಲದಲ್ಲಿ ಜಲಾಶಯಗಳ ಮಟ್ಟ ಪತ್ರಿಕೆಗಳಲ್ಲಿ ದಿನಾ ಬರುತ್ತದೆ, ಮಳೆಯ ಅಂಕಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಗಿದ್ದು ನಿಜ. ಆ ವಿಡಿಯೋಗೆ ಬೇರೆ ಊರಿನ ಹೆಸರು ಬರೆಯಲು ಅರ್ಧ ನಿಮಿಷ ಸಾಕು. ಪಿಐಬಿ ಫ್ಯಾಕ್ಟ್ ಚೆಕ್‌ನಲ್ಲಿ ಹುಡುಕಿದೆ, ಸಿಗಲಿಲ್ಲ, ಹಾಗಾದರೆ ನಿಜ ಎನ್ನುವವರೂ ಇದ್ದಾರೆ. ಅದು ನೋಡುವುದು ಕೇಂದ್ರ ಸರ್ಕಾರದ ವಿಷಯಗಳನ್ನು. ನಮ್ಮ ತಾಲ್ಲೂಕಿನ ಗಾಳಿಸುದ್ದಿ ಅಲ್ಲಿ ಯಾಕೆ ಸಿಗುತ್ತದೆ?

ಲೆಕ್ಕ. ಎಲ್ಲಕ್ಕಿಂತ ಕಷ್ಟದ್ದು ಇದು, ಯಾಕೆಂದರೆ ಇಲ್ಲಿ ಸುದ್ದಿಯ ಒಂದೊಂದು ತುಣುಕೂ ನಿಜ ಇರಬಹುದು. 2025ರ ಜೂನ್ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಸಾಲುಸಾಲು ಹೃದಯಾಘಾತದ ಸಾವು ಎಂಬ ಸುದ್ದಿ ನೆನಪಿದೆಯಲ್ಲ? ಸಾವುಗಳು ನಿಜ. ಮನೆಯವರ ಅಳು ನಿಜ. ಆದರೆ ಒಂದು ವಿಡಿಯೋ ಪೂರ್ತಿ ನೋಡಿದವರಿಗೆ ಇನ್ನೊಂದು, ಅದರ ಹಿಂದೆ ಮತ್ತೊಂದು ಬರುತ್ತಾ ಹೋಯಿತು. ಇಡೀ ಜಿಲ್ಲೆಗೇ ಏನೋ ಆಗಿದೆ ಅನ್ನಿಸಿತು. ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತೂ ಸೇರಿಕೊಂಡಿತು. ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು.

ಆಗ ಕೇಳಬೇಕಿದ್ದ ಪ್ರಶ್ನೆ ಒಂದೇ: ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು? ಫೀಡ್ ಇದನ್ನು ಯಾವತ್ತೂ ತೋರಿಸುವುದಿಲ್ಲ. ತಜ್ಞರ ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಆಗಿರಲಿಲ್ಲ. ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಎಂದು ಜುಲೈನಲ್ಲಿ ವರದಿ ಬಂತು. ಆ ವರದಿಯ ವಿಡಿಯೋ ನಿಮ್ಮ ಗ್ರೂಪಿಗೆ ಎಷ್ಟು ಸಲ ಬಂತು, ನೆನಪು ಮಾಡಿಕೊಳ್ಳಿ.

ಎದೆನೋವು ಬಂದರೆ ಮಾತ್ರ ಯಾವ ಲೆಕ್ಕವೂ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ. "ಬೆಳ್ಳುಳ್ಳಿ ರಸದಿಂದ ಬ್ಲಾಕೇಜ್ ಕರಗುತ್ತೆ" ಎಂಬ ವಿಡಿಯೋ ನೋಡುತ್ತಾ ಮನೆಯಲ್ಲಿ ಕೂರುವುದು ಗಾಬರಿಗಿಂತ ಅಪಾಯ.

## ಹಂತ 7: ಮನೆಯ ಹಿರಿಯರ ಫೋನ್

ಅಪ್ಪನ ಫೋನ್ ಕಿತ್ತುಕೊಂಡು ರಾತ್ರೋರಾತ್ರಿ ಎಲ್ಲ ಅಳಿಸಬೇಡಿ. ಬೆಳಿಗ್ಗೆ ಅವರ ಭಜನೆ, ಹರಿಕಥೆ ಕಾಣದಿದ್ದರೆ ಜಗಳ ಶುರು, ನಿಮ್ಮ ಮಾತಿನ ಮೇಲಿನ ನಂಬಿಕೆಯೂ ಹೋಯಿತು. ಪಕ್ಕದಲ್ಲಿ ಕೂತು ಅವರ ಬೆರಳಿನಿಂದಲೇ ಮಾಡಿಸಿ. ಅವರಿಗೆ ಇಷ್ಟದ ಚಾನೆಲ್‌ಗಳನ್ನು ಮೊದಲು ಸಬ್‌ಸ್ಕ್ರೈಬ್ ಮಾಡಿಕೊಡಿ, ಆಮೇಲೆ ಹಿಸ್ಟರಿ ನಿಲ್ಲಿಸಿ. ಇಲ್ಲಿ ಮಾತ್ರ ಕ್ರಮ ಉಲ್ಟಾ.

ಗ್ರೂಪಿನಲ್ಲಿ ಎಲ್ಲರೆದುರು "ಇದು ಫೇಕ್" ಎನ್ನಬೇಡಿ. ಮುಖ ಉಳಿಸಿಕೊಳ್ಳಲು ಅವರು ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ. ಅವರಿಗೊಬ್ಬರಿಗೇ ಫೋನ್ ಮಾಡಿ, "ಇದನ್ನು ಯಾರು ಕಳಿಸಿದ್ರು? ಒಟ್ಟಿಗೆ ನೋಡೋಣ್ವಾ?" ಎಂದು ಕೇಳಿ.

## ಮತ್ತೆ ಜಾರುತ್ತಿದ್ದೀರಿ ಎಂಬ ಸೂಚನೆಗಳು

- ಒಂದೇ ವಿಷಯ ಯೂಟ್ಯೂಬ್, ಫೇಸ್‌ಬುಕ್, ವಾಟ್ಸಾಪ್ ಮೂರರಲ್ಲೂ ಕಾಣುತ್ತಿದೆ, ಊರಿನಲ್ಲಿ ಮಾತ್ರ ಯಾರಿಗೂ ಗೊತ್ತಿಲ್ಲ.
- "ಮಾಧ್ಯಮಗಳು ತೋರಿಸಲ್ಲ", "ಡಿಲೀಟ್ ಆಗೋ ಮುಂಚೆ ನೋಡಿ" ಎಂಬ ಮಾತು.
- ವಿಡಿಯೋ ಮುಗಿದಾಗ ಯಾವುದೋ ಜಾತಿ, ಧರ್ಮ ಅಥವಾ ಊರಿನವರ ಮೇಲೆ ಸಿಟ್ಟು ಉಕ್ಕುತ್ತಿದೆ, ಆದರೆ ಏನು ನಡೆಯಿತು ಎಂದು ಕೇಳಿದರೆ ಎರಡು ವಾಕ್ಯ ಹೇಳಲಾಗುತ್ತಿಲ್ಲ.
- ಭಯದ ವಿಡಿಯೋ ಕೊನೆಗೆ ಮಾರಾಟಕ್ಕೆ ಬಂದು ನಿಲ್ಲುತ್ತದೆ: ಪುಡಿ, ಕೋರ್ಸ್, ಟ್ರೇಡಿಂಗ್ ಗ್ರೂಪ್. ಹಣ ಹೋಗಿದ್ದರೆ ನಾಚಿಕೆ ಪಡದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಇವುಗಳಲ್ಲಿ ಎರಡು ಕಂಡರೆ 2ನೇ ಹಂತದ ನಾಲ್ಕು ಜಾಗಗಳನ್ನು ಮತ್ತೆ ನೋಡಿ. ಟಿವಿಯಿಂದ ಶುರು ಮಾಡಿ, ಸಾಮಾನ್ಯವಾಗಿ ಸೋರುವುದು ಅಲ್ಲೇ.

## ಈಗಾಗಲೇ ಕಳಿಸಿಬಿಟ್ಟಿದ್ದರೆ

ವಾಟ್ಸಾಪ್‌ನಲ್ಲಿ 'ಡಿಲೀಟ್ ಫಾರ್ ಎವ್ರಿವನ್' ಸುಮಾರು ಎರಡೂವರೆ ದಿನದವರೆಗೆ ಕೆಲಸ ಮಾಡುತ್ತದೆ. ಆದರೆ ಬರೀ ಡಿಲೀಟ್ ಮಾಡಿ ಸುಮ್ಮನಾಗಬೇಡಿ. ಅಷ್ಟರಲ್ಲಿ ನಾಲ್ಕು ಜನ ಮುಂದೆ ಕಳಿಸಿರುತ್ತಾರೆ. ಅದೇ ಗ್ರೂಪಿನಲ್ಲಿ ಒಂದು ಸಾಲು ಬರೆಯಿರಿ: "ನಾನು ಬೆಳಿಗ್ಗೆ ಹಾಕಿದ್ದ ಶಿರಾಡಿ ಘಾಟ್ ವಿಡಿಯೋ ಹಳೆಯದು, ಕಳಿಸಿದ್ದವರು ಅಲ್ಲೂ ತಿಳಿಸಿ." ಸುಳ್ಳು ವಿಡಿಯೋವನ್ನು ಮತ್ತೆ ಅಂಟಿಸಬೇಡಿ, ಬರಹ ಮಾತ್ರ ಸಾಕು. ಎಲ್ಲಿಂದ ಬಂತೋ ಅವರಿಗೂ ಇದೇ ಸಾಲನ್ನು ಕಳಿಸಿ.